ಎಡ ಹೆಗಲಿಗೆ ಬಂದ ಕೋವಿ

ಮಣ್ಣಗುಡ್ಡದ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಹೋದ ವಾರ ಒಬ್ಬಳು ಹುಡುಗಿ ನನ್ನ ಎಡ ಹೆಗಲನ್ನು ನೋಡುತ್ತಿದ್ದಳು. ಫ್ರೋಜನ್ ಶೋಲ್ಡರ್ ಅಂತೆ. ಈ ವಯಸ್ಸಿನಲ್ಲಿ ಯಾವುದು ಇನ್ನೂ ಫ್ರೀಜ್ ಆಗದೆ ಉಳಿದಿದೆ ಎಂದು ಕೇಳಬೇಕು. ಕಾಲರ್‌ಬೋನಿನ ಕೆಳಗೆ, ತೋಳು ಶುರುವಾಗುವುದಕ್ಕೆ ತುಸು ಈಚೆ, ಒಂದು ತಗ್ಗು ಇರುತ್ತದೆ. ಆ ತಗ್ಗಿನಲ್ಲಿ ಅವಳು ಹೆಬ್ಬೆರಳನ್ನು ಊರಿ, "ಆಂಟಿ, ಇಲ್ಲಿ ಎಂತಾದ್ರೂ ಹಳೇ ಪೆಟ್ಟು ಉಂಟಾ?" ಎಂದು ಕೇಳಿದಳು.

ಇಲ್ಲ ಎಂದೆ. ಅದು ಸುಳ್ಳೇನೂ ಅಲ್ಲ. ಆದರೆ ಆಟೋದಲ್ಲಿ ಕೂತು ಮನೆಗೆ ಬರುವಾಗಲೂ ಆ ಹೆಬ್ಬೆರಳು ಅಲ್ಲೇ ಊರಿಕೊಂಡಿದ್ದಂತಿತ್ತು. ಅರುವತ್ತು ವರ್ಷಗಳಿಂದ ಯಾರೂ ಮುಟ್ಟದ ಜಾಗ ಅದು.

ಐವತ್ತರ ದಶಕ ಮುಗಿಯಲು ಬಂದಿದ್ದ ವರ್ಷ. ನಾನು ಬಿ.ಎ. ಮುಗಿಸಿ ಟೀಚರ್ ಕೆಲಸಕ್ಕೆ ಕಾಯುತ್ತಿದ್ದೆ. ದೇರೆಬೈಲಿನಲ್ಲಿ ನಮ್ಮ ಮನೆ. ಈಗಿನ ಹಾಗೆ ಅಲ್ಲಿ ಮನೆಗೆ ಮನೆ ತಾಗಿಕೊಂಡಿರಲಿಲ್ಲ. ಒಂದು ಪಕ್ಕಕ್ಕೆ ಗೇರುಮರಗಳ ಗುಡ್ಡ, ಮುಂದೆ ಇಳಿದರೆ ಗದ್ದೆ. ಗೆಣಸು ನೆಟ್ಟರೆ ಹಂದಿಗಳು, ಕೋಳಿ ಸಾಕಿದರೆ ನರಿಗಳು. ಮನೆಯೊಳಗೆ ನಮ್ಮದು ಕೊಂಕಣಿ, ಆಳುಗಳೊಡನೆ ತುಳು, ಪೊಲೀಸರೊಡನೆ ಕನ್ನಡ, ಕಾನ್ವೆಂಟಿನಲ್ಲಿ ಇಂಗ್ಲಿಷ್, ದೇವರೊಡನೆ ಲ್ಯಾಟಿನ್. ಈಗ ನಾನು ಬರೆಯುವ ಮಾತುಗಳಲ್ಲಿ ಬಹಳಷ್ಟು ಕೊಂಕಣಿಯಲ್ಲಿ ಆಡಿದವು. ಕನ್ನಡಕ್ಕೆ ಬರುವಾಗ ಅವು ಸ್ವಲ್ಪ ಇಸ್ತ್ರಿ ಹಾಕಿಕೊಂಡು ಬಂದಿರಬಹುದು.

ಪಪ್ಪ ಬಂದರಿನ ಒಂದು ಮರದ ಡಿಪೋದಲ್ಲಿ ಮ್ಯಾನೇಜರ್. ಗಟ್ಟಿ ಆಳು. ಆಲ್ತಾರಿನ, ಅಂದರೆ ಮನೆಯ ದೇವರ ಪೀಠದ, ಪಕ್ಕದ ಗೋಡೆಯಲ್ಲಿ ಅವರ ತಂದೆಯ ಕಾಲದ ಜೋಡು ನಳಿಗೆಯ ಕೋವಿ ತೂಗುತ್ತಿತ್ತು. ಏಸುವಿನ ಪವಿತ್ರ ಹೃದಯದ ಚಿತ್ರದ ಹತ್ತಿರ ಕೋವಿ ಇಡುವುದು ಮಾಂಯ್‌ಗೆ, ಅಂದರೆ ನನ್ನ ಅಮ್ಮನಿಗೆ, ಒಂದು ದಿನವೂ ಸರಿ ಕಂಡದ್ದಿಲ್ಲ. ಪಪ್ಪ ನಗುತ್ತ, ಇಬ್ಬರೂ ಮನೆ ಕಾಯುವವರೇ ಅಲ್ಲವಾ ಎನ್ನುತ್ತಿದ್ದರು. ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದು, ಜಗಲಿಯಲ್ಲಿ ಹಳೆಯ ಪಂಚೆ ಹಾಸಿ, ಕೋವಿಯನ್ನು ಬಿಚ್ಚಿ ಎಣ್ಣೆ ಹಾಕಿ ಒರೆಸುವುದು ಅವರ ಇನ್ನೊಂದು ಪೂಜೆ. ಚಳಿಗಾಲದಲ್ಲಿ ಹೊಳೆ ದಾಟಿ ತೊಕ್ಕೊಟ್ಟಿನ ಕಡೆಯ ಗದ್ದೆಗಳಿಗೆ ಸ್ನೈಪ್ ಹಕ್ಕಿ ಹೊಡೆಯಲು ಹೋಗುತ್ತಿದ್ದರು. ಅಲ್ಲಿ ಅವರಿಗೆ ಜೊತೆ ಹಸನಬ್ಬ. ಒಣಮೀನು ಮತ್ತು ಹುರಿಹಗ್ಗದ ವ್ಯಾಪಾರದ ಬ್ಯಾರಿ ಮುಸಲ್ಮಾನ, ಪಪ್ಪನ ಚಿಕ್ಕಂದಿನ ಸ್ನೇಹಿತ. ಪಪ್ಪನನ್ನು 'ಪೊರ್ಬುಳು' ಎನ್ನುತ್ತಿದ್ದರು, ಮಾಂಯ್‌ಯನ್ನು 'ಬಾಯಮ್ಮ', ನನ್ನನ್ನು 'ಸಣ್ಣ ಬಾಯಿ'.

ಆ ವರ್ಷ ಆಟಿಯ, ಅಂದರೆ ಆಷಾಢದ, ಮಳೆಯಲ್ಲಿ ಪಪ್ಪ ಬಚ್ಚಲಿನಲ್ಲಿ ಬಿದ್ದರು. ಸ್ಟ್ರೋಕ್. ಬಲಗೈ, ಬಲಗಾಲು, ಮುಖದ ಬಲಭಾಗ ಎಲ್ಲ ಹೋಯಿತು. ಮಾತು ಪೂರ್ತಿ ಹೋಗಿ, ಆಮೇಲೆ ಒಂದೊಂದಾಗಿ ಮರಳಿತು. ಮೊದಲು ಮರಳಿದ ಮಾತು 'ಬೇಡ'. ಗಂಜಿ ಕೊಟ್ಟರೆ ಬೇಡ, ಪಾದ್ರಿಗಳು ಬಂದರೆ ಬೇಡ, ಕಿಟಕಿ ತೆರೆದರೆ ಬೇಡ. ಮಳೆ ನಿಲ್ಲುವ ಹೊತ್ತಿಗೆ ಅವರನ್ನು ಎತ್ತಿ ಜಗಲಿಯ ಕುರ್ಚಿಯಲ್ಲಿ ಕೂರಿಸುವಷ್ಟಾಗಿತ್ತು. ಮನಸ್ಸು ಮಾತ್ರ ಇನ್ನೂ ಬಚ್ಚಲಿನ ನೆಲದಲ್ಲೇ ಬಿದ್ದಿತ್ತು. ಅಣ್ಣ ಲಾರೆನ್ಸ್ ಬೊಂಬಾಯಿಯಿಂದ ಹಡಗಿನ ಕೆಲಸಕ್ಕೆ ಹೋಗಿದ್ದ. ಅವನಿಗೆ ಸುದ್ದಿ ಮುಟ್ಟಿದ್ದೇ ತಡವಾಗಿ.

ನವೆಂಬರಿನಲ್ಲಿ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಬಂದರು. ಒಳ್ಳೆಯ ಮನುಷ್ಯ. ಟೊಪ್ಪಿ ತೆಗೆದು ಮಡಿಲಲ್ಲಿಟ್ಟು, ಕಾಫಿ ಕುಡಿದು, ಹೇಳಲಾರದೆ ಹೇಳಿದರು. ಕೋವಿಯ ಲೈಸೆನ್ಸ್ ಡಿಸೆಂಬರ್ ಕೊನೆಗೆ ಮುಗಿಯುತ್ತದೆ. ಕೈ ಆಗದವರ ಹೆಸರಿನಲ್ಲಿ ಹೊಸತು ಮಾಡಲು ಇನ್ಸ್‌ಪೆಕ್ಟರು ಒಪ್ಪುತ್ತಿಲ್ಲ. ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. ಇಲ್ಲವಾದರೆ ಮನೆಯಲ್ಲೇ ಇರುವ ಒಬ್ಬರ ಹೆಸರು ಸೇರಿಸಬೇಕು, ಅವರಿಗೆ ಕೋವಿ ಹಿಡಿಯಲು ಬರುತ್ತದೆ ಎಂದು ಇನ್ಸ್‌ಪೆಕ್ಟರು ಕಣ್ಣಾರೆ ನೋಡಬೇಕು. "ಎಂತ ಮಾಡುದು ಬಾಯಮ್ಮ, ರೂಲ್ಸ್ ಉಂಟಲ್ಲ" ಎಂದರು.

ಮಾಂಯ್‌ಗೆ ಒಳಗೊಳಗೇ ಸಮಾಧಾನವಾಯಿತು ಎಂದು ನನಗೆ ಗೊತ್ತು. ಕೋವಿ ಹೋಗಲಿ, ಆ ಜಾಗದಲ್ಲಿ ಸೇಂಟ್ ಜೋಸೆಫರ ಫೋಟೋ ಹಾಕೋಣ ಎಂದಳು. ಪಪ್ಪ ಅದಕ್ಕೆ 'ಬೇಡ' ಎಂದೂ ಹೇಳಲಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಆ ದಿನದಿಂದ ಗಂಜಿಯ ಬಟ್ಟಲು ಹೇಗೆ ಹೋಯಿತೋ ಹಾಗೆಯೇ ಒಳಗೆ ಬರತೊಡಗಿತು. ಡಾಕ್ಟರರು ನನ್ನನ್ನು ಗೇಟಿನ ತನಕ ಕರೆದುಕೊಂಡು ಹೋಗಿ, "ಹಿ ಹ್ಯಾಸ್ ಟು ವಾಂಟ್ ಟು ಲಿವ್, ಚೈಲ್ಡ್" ಎಂದರು. ಅದಕ್ಕೆ ಅವರ ಬ್ಯಾಗಿನಲ್ಲಿ ಮದ್ದಿರಲಿಲ್ಲ.

ಹಸನಬ್ಬ ಆ ವಾರ ದೋಣಿ ದಾಟಿ ಬಂದರು. ಒಂದು ಕಟ್ಟು ಒಣಸೀಗಡಿ ಅಡಿಗೆಮನೆಗೆ ಕೊಟ್ಟು, ಪಪ್ಪನ ಎದುರು ಕೂತರು. ಆಮೇಲೆ ಹಸನಬ್ಬ ಗೋಡೆಯ ಕೋವಿಯನ್ನು ನೋಡುತ್ತ, "ಪೊರ್ಬುಳೇ, ಠಾಣೆಯಲ್ಲಿಟ್ಟರೆ ಅದಕ್ಕೆ ತುಕ್ಕು ಹಿಡೀತದೆ. ನಿಮಗೆ ಮನೆಯಲ್ಲೇ ಹಿಡಿದಿದೆ" ಎಂದರು. ಪಪ್ಪನ ಬಾಯಿಯ ಎಡಭಾಗ ಸ್ವಲ್ಪ ಅಲುಗಿತು. ಹಸನಬ್ಬ ನನ್ನ ಕಡೆ ತಿರುಗಿದರು. "ಸಣ್ಣ ಬಾಯಿ ಉಂಟಲ್ಲ. ಬಿ.ಎ. ಪಾಸು. ಇಷ್ಟು ದೊಡ್ಡ ಪುಸ್ತಕ ಎತ್ತಿದವಳಿಗೆ ಕೋವಿ ಭಾರವಾ?"

ಅವರು ತಮಾಷೆಗೆ ಹೇಳಿದ್ದು. ಆದರೆ ಪಪ್ಪ ಗೋಡೆಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದರು. ಎಷ್ಟೋ ವಾರಗಳ ನಂತರ ಅವರು ಏನನ್ನಾದರೂ ನೋಡಿದ್ದು ಅದೇ ಮೊದಲು. ನಾನು ಎದ್ದು ಹೋಗಿ ಕೋವಿಯನ್ನು ಇಳಿಸಿದೆ. ಮಾಂಯ್ ಅಡಿಗೆಮನೆಯ ಬಾಗಿಲಲ್ಲಿ ನಿಂತು ಶಿಲುಬೆಯ ಗುರುತು ಮಾಡಿಕೊಂಡಳು.

ಮೊದಲು ಬರಿಯ ಕೋವಿ, ತೋಟೆ ಇಲ್ಲ. ಪಪ್ಪ ಕುರ್ಚಿಯಲ್ಲಿ, ನಾನು ಅಂಗಳದಲ್ಲಿ, ಅವರ ಎಡಗೈಯಲ್ಲಿ ಊರುಗೋಲು. ಒಂದೊಂದು ಮಾತನ್ನೂ ಅವರು ಬಾವಿಯಿಂದ ಸೇದಿ ತೆಗೆಯುವಂತೆ ತೆಗೆಯುತ್ತಿದ್ದರು. ಕಾಲು. ಎಡಗಾಲು ಮುಂದೆ, ಭಾರವೆಲ್ಲ ಅದರ ಮೇಲೆ. ಬಾವಿಗೆ ಬಗ್ಗಿ ನೋಡುವಾಗ ಎಷ್ಟು ಬಾಗುತ್ತೇವೋ ಅಷ್ಟು. ಹಿಂದಕ್ಕೆ ವಾಲಿ ನಿಂತರೆ ಊರುಗೋಲಿನಿಂದ ನನ್ನ ಹಿಮ್ಮಡಿಗೆ ತಟ್ಟುತ್ತಿದ್ದರು. ಕೋವಿಯ ಹಿಂದಿನ ಮರದ ಭಾಗಕ್ಕೆ ಸ್ಟಾಕ್ ಎನ್ನುತ್ತಾರೆ. ಎಲ್ಲರೂ ಮಾಡುವ ತಪ್ಪು ಎಂದರೆ ಅದನ್ನು ಮೊದಲು ಹೆಗಲಿಗಿಟ್ಟು, ಆಮೇಲೆ ತಲೆಯನ್ನು ಅದಕ್ಕೆ ಬಗ್ಗಿಸುವುದು. ಹಾಗಲ್ಲ. ತಲೆ ಎಲ್ಲಿದೆಯೋ ಅಲ್ಲೇ ಇರಬೇಕು. ಕೋವಿ ಮೇಲೇರಿ ಕೆನ್ನೆಗೆ ಬರಬೇಕು, ಆಗ ಹೆಗಲು ತಾನಾಗಿ ಮುಂದೆ ಬಂದು ಅದನ್ನು ತಗೊಳ್ಳಬೇಕು. ಮೊದಲು ಕೆನ್ನೆ, ಆಮೇಲೆ ಹೆಗಲು. ಸ್ಟಾಕಿನ ತುದಿ ಕೂರಬೇಕಾದದ್ದು ತೋಳಿನ ಮೇಲಲ್ಲ, ಮೂಳೆಯ ಮೇಲಲ್ಲ, ಆ ತಗ್ಗಿನಲ್ಲಿ.

ಇದನ್ನೆಲ್ಲ ನಾನು ಹೀಗೆ ಸಲೀಸಾಗಿ ಬರೆಯುತ್ತಿದ್ದೇನೆ. ಅವರು ಹೇಳಿದ್ದು 'ಕೆನ್ನೆ', 'ಹೆಗಲು', 'ಹತ್ತಿರ' ಅಷ್ಟೇ. ಅದರಲ್ಲಿ 'ಹತ್ತಿರ' ಎನ್ನುವುದು ಮುಖ್ಯ. ಹೆದರಿದವರು ಕೋವಿಯನ್ನು ಮೈಯಿಂದ ಸ್ವಲ್ಪ ದೂರ ಹಿಡಿಯುತ್ತಾರೆ. ಒದೆಯುವ ಕತ್ತೆಯಿಂದ ದೂರ ನಿಂತ ಹಾಗೆ. ಆ ಬೆರಳಷ್ಟು ಸಂದಿನಲ್ಲಿಯೇ ಕೋವಿಗೆ ಓಡಿಬಂದು ಗುದ್ದಲು ಜಾಗ ಸಿಗುತ್ತದೆ. ಮೈಗೆ ಒತ್ತಿ ಹಿಡಿದವರನ್ನು ಅದು ಗುದ್ದುವುದಿಲ್ಲ, ತಳ್ಳುತ್ತದೆ. ತಳ್ಳಿದ್ದಕ್ಕೆ ಕಲೆ ಬೀಳುವುದಿಲ್ಲ.

ನನಗೆ ಕಲೆ ಬಿತ್ತು. ಗೇರುಗುಡ್ಡದ ಕೆಳಗೆ ಒಂದು ಒಡೆದ ಹೆಂಚನ್ನು ದರೆಯ ಮಣ್ಣಿನ ಗೋಡೆಗೆ ಒರಗಿಸಿ, ಹಸನಬ್ಬ ತೋಟೆ ತುಂಬಿಸಿಕೊಟ್ಟರು. ಹೇಳಿದ್ದನ್ನೆಲ್ಲ ಮಾಡಿದೆ ಎಂದೇ ನನಗನ್ನಿಸಿತ್ತು. ಟ್ರಿಗರ್ ಎಳೆದೆ. ಹೆಂಚು ಹಾಗೆಯೇ ಇತ್ತು. ನಾನು ಕೂತುಬಿಟ್ಟಿದ್ದೆ. ಬಲತೋಳು ಸತ್ತುಹೋದಂತಿತ್ತು, ದವಡೆಗೆ ಯಾರೋ ಕಲ್ಲಿನಿಂದ ಹೊಡೆದಂತಿತ್ತು. ಎರಡನೆಯ ದಿನವೂ ಹೀಗೆಯೇ. ಮೂರನೆಯ ಸಲ ನಾನು ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಿದ್ದನ್ನು ಪಕ್ಕದ ಕುರ್ಚಿಯಿಂದ ಪಪ್ಪ ನೋಡಿದರು. ಭಾನುವಾರ ಪೂಜೆಗೆ ಹೋದಾಗ ತಲೆಯ ವೇಲನ್ನು ಕೆನ್ನೆಗೆ ಎಳೆದುಕೊಂಡೆ. ಆದರೂ ಹೆಂಗಸರ ಬೆಂಚಿನಲ್ಲಿ ಪಿಸುಮಾತು ಬಂತು: ಪಾಪ, ಕಾಯಿಲೆಯ ಮನುಷ್ಯನಿಗೆ ಸಿಟ್ಟು ಜಾಸ್ತಿ, ಮಗಳಿಗೆ ಹೊಡೆಯುತ್ತಾನಂತೆ. ಎತ್ತಲಾಗದ ಆ ಕೈ.

ಮಾಂಯ್ ಅದನ್ನು ಕೇಳಿಸಿಕೊಂಡು ಮನೆಗೆ ಬಂದವಳು ನನ್ನ ರವಿಕೆ ಬಿಚ್ಚಿಸಿ ನೋಡಿದಳು. ಬಲತೋಳಿನ ಮೇಲ್ಭಾಗ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅರಸಿನ ಅರೆದು ಬಿಸಿ ಮಾಡಿ ಹಚ್ಚುತ್ತ, ಮುಂದಿನ ವರ್ಷ ನಿನ್ನನ್ನು ನೋಡಲು ಬರುವವರಿಗೆ ಏನು ಹೇಳಲಿ ಎಂದು ಗದರಿದಳು. ಆಮೇಲೆ ದನಿ ತಗ್ಗಿಸಿ, ಜಗಲಿಗೆ ಕೇಳುವಷ್ಟೇ ತಗ್ಗಿಸಿ, "ಆ ಕಬ್ಬಿಣ ಉಳಿಸಲಿಕ್ಕೆ ಮಗಳನ್ನು ಮುರಿಯುವುದು ಬೇಡ" ಎಂದಳು. ಆ ರಾತ್ರಿ ಗಂಜಿಯ ಬಟ್ಟಲು ಮತ್ತೆ ಹಾಗೆಯೇ ಮರಳಿತು. ಇನ್ಸ್‌ಪೆಕ್ಟರು ಬರುವುದು ಕ್ರಿಸ್‌ಮಸ್ ಆದಮೇಲಿನ ವಾರಕ್ಕೆ ಎಂದು ಗೊತ್ತಾಗಿತ್ತು.

ಅದು ಕುಸ್ವಾರ್ ಮಾಡುವ ಕಾಲ. ಮನೆಯಲ್ಲಿ ಕಾಯಿಲೆ ಇರಲಿ ಸಾವೇ ಇರಲಿ, ಕ್ರಿಸ್‌ಮಸ್ಸಿಗೆ ನೆರೆಯವರಿಗೆ ತಿಂಡಿಯ ತಟ್ಟೆ ಹೋಗದಿದ್ದರೆ ಆಗದು. ನಾನು ಜಗಲಿಯಲ್ಲಿ ಪಪ್ಪನ ಹತ್ತಿರ ಕೂತು ಕರ್ಜಿಕಾಯಿಯಂಥ ನೆವ್ರಿಯ ಅಂಚು ಮಡಚುತ್ತಿದ್ದೆ. ಮಾಂಯ್ ಹಳೆಯ ಕಂಬಳಿಯ ಒಂದು ತುಂಡನ್ನು ಮಡಚಿ ಮಡಚಿ ಹೊಲಿಯುತ್ತಿದ್ದಳು. ಹೆಗಲಿಗೆ ಕಟ್ಟುವ ಮೆತ್ತೆ ಎಂದು ಅಳತೆ ನೋಡಿದರೆ ಗೊತ್ತಾಗುತ್ತಿತ್ತು. ಬೇಡ ಎಂದವಳೇ ಹೊಲಿಯುತ್ತಿದ್ದಳು. ಸೂಜಿಯ ದಾರ ಮುಗಿಯಿತು. ಪೋಣಿಸಿ ಕೊಡು ಎಂದು ನನ್ನ ಕಡೆ ಚಾಚಿದಳು. ನಾನು ಹಿಟ್ಟಿನ ಕೈ ಒರೆಸಿ, ಸೂಜಿಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಪೋಣಿಸಿದೆ.

ಮಾಂಯ್ ಸೂಜಿ ತಗೊಳ್ಳಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು.

"ನೀನು ಮುಚ್ಚಿದ್ದು ಬಲಗಣ್ಣು" ಎಂದಳು. ಮತ್ತೆ ಪಪ್ಪನ ಕಡೆ ತಿರುಗಿ, "ಇವಳು ಎಡಚಿ ಅಲ್ಲವಾ? ನಿಮಗೆ ಮರೆತೇಹೋಯಿತಾ?"

ನನಗೇ ಮರೆತುಹೋಗಿತ್ತು. ಒಂದನೇ ಕ್ಲಾಸಿಗೆ ಸೇರಿದಾಗ ನಾನು ಎಡಗೈಯಲ್ಲಿ ಬರೆಯುತ್ತಿದ್ದೆ. ಕಾನ್ವೆಂಟಿನ ಸಿಸ್ಟರ್ ಒಂದು ನೀಲಿ ರಿಬ್ಬನ್ನಿನಲ್ಲಿ ಆ ಕೈಯನ್ನು ಬೆಂಚಿಗೆ ಕಟ್ಟಿ ಕೂರಿಸಿದರು. ಕೆಟ್ಟ ಮನಸ್ಸಿನಿಂದಲ್ಲ, ಆಗ ಎಲ್ಲ ಕಡೆ ಹಾಗೆಯೇ ಮಾಡುತ್ತಿದ್ದರು, ರಿಬ್ಬನ್ ಆದರೂ ರೇಶ್ಮೆಯದಾಗಿತ್ತು. ಬಲಗೈಯಲ್ಲಿ ಬರೆಯಲು ಕಲಿತು, ಹೈಸ್ಕೂಲಿನಲ್ಲಿ ಹ್ಯಾಂಡ್‌ರೈಟಿಂಗಿಗೆ ಪ್ರೈಜ್ ಕೂಡ ತಗೊಂಡೆ. ಪಪ್ಪ ಆ ಪ್ರೈಜಿನ ಪುಟ್ಟ ಕಪ್ಪನ್ನು ಡಿಪೋಗೆ ಕೊಂಡುಹೋಗಿ ಎಲ್ಲರಿಗೂ ತೋರಿಸಿದ್ದರು. ಕೈಯನ್ನು ತಿದ್ದಬಹುದು. ಕಣ್ಣಿಗೆ ಯಾರೂ ರಿಬ್ಬನ್ ಕಟ್ಟಿರಲಿಲ್ಲ. ಕೋವಿ ಬಲ ಹೆಗಲಿನಲ್ಲಿ, ಗುರಿ ನೋಡುವ ಕಣ್ಣು ಎಡದ್ದು. ಅದಕ್ಕೇ ನನಗೆ ಗೊತ್ತಿಲ್ಲದೆ ನನ್ನ ತಲೆ ಸ್ಟಾಕನ್ನು ದಾಟಿ ಆಚೆ ವಾಲುತ್ತಿತ್ತು, ಕೆನ್ನೆ ಮೇಲೇಳುತ್ತಿತ್ತು, ಹೆಗಲಿನ ತಗ್ಗಿನಿಂದ ಜಾರಿದ ಕೋವಿ ತೋಳಿಗೆ ಬಂದು ಗುದ್ದುತ್ತಿತ್ತು.

ಪಪ್ಪ ನನ್ನ ಕಡೆ ತಿರುಗಿದರು. ಆಮೇಲೆ ತಮ್ಮ ಎಡಗೈಯನ್ನು, ಅವರಿಗೆ ಉಳಿದಿದ್ದ ಒಂದೇ ಕೈಯನ್ನು, ನಿಧಾನವಾಗಿ ಎತ್ತಿ ತಮ್ಮ ಎಡ ಹೆಗಲಿನ ಮೇಲೆ ಇಟ್ಟುಕೊಂಡರು.

"ನನ್ನ ಹಾಗೆ" ಎಂದರು.

ಅಲ್ಲಿಯವರೆಗೆ ಅವರು ಎಡಗೈಯಿಂದ ತೋರಿಸಿದ್ದನ್ನೆಲ್ಲ ನಾನು ಬಲಕ್ಕೆ ತಿರುಗಿಸಿಕೊಳ್ಳುತ್ತಿದ್ದೆ. ಈಗ ತಿರುಗಿಸುವ ಅಗತ್ಯವಿರಲಿಲ್ಲ. ಅವರು ಕುರ್ಚಿಯಲ್ಲಿ ಊರುಗೋಲನ್ನು ಎಡಕೆನ್ನೆಗೆ ತರುತ್ತಿದ್ದರು, ನಾನು ಎದುರು ನಿಂತು ಕೋವಿಯನ್ನು ಎಡಕೆನ್ನೆಗೆ ತರುತ್ತಿದ್ದೆ. ಆಯುಸ್ಸೆಲ್ಲ ಬಲದಲ್ಲಿ ಹೊಡೆದ ಅವರಿಗೂ ಅದು ಹೊಸತೇ. ಒಂದೊಂದು ಸಲ ಅವರ ಊರುಗೋಲೇ ತಪ್ಪಿ ಕಿವಿಗೆ ತಾಗುತ್ತಿತ್ತು. ಆಗ ಮಾಂಯ್ ಒಳಗಿನಿಂದ, "ಮೊದಲು ಕೆನ್ನೆ" ಎನ್ನುತ್ತಿದ್ದಳು. ಸೀರೆಯ ಸೆರಗು ಎಡ ಹೆಗಲಿನ ಮೇಲೆ ಬರುತ್ತದೆ, ಬ್ರೂಚ್ ಕೂಡ ಅಲ್ಲೇ. ಅದನ್ನು ಮೊದಲು ಕಂಡದ್ದೂ ಅವಳೇ. ಬ್ರೂಚ್ ತೆಗೆದಿಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದು, ಲಾರೆನ್ಸನ ಹಳೆಯ ಖಾಕಿ ಶರ್ಟನ್ನು ಮೇಲೆ ತೊಡಿಸಿದಳು. ಕಂಬಳಿಯ ಮೆತ್ತೆ ಬೇಕಾಗಲಿಲ್ಲ. ಆ ಸಲ ಟ್ರಿಗರ್ ಎಳೆದಾಗ, ಜನಜಂಗುಳಿಯಲ್ಲಿ ಪರಿಚಯದವರು ಯಾರೋ ಹೆಗಲು ಹಿಡಿದು ಒಂದು ಹೆಜ್ಜೆ ಹಿಂದೆ ಸರಿಸಿದಂತಾಯಿತು, ಅಷ್ಟೇ. ದರೆಯ ಹೆಂಚು ಇರಲಿಲ್ಲ.

ಗಂಜಿಯ ಬಟ್ಟಲು ಆ ದಿನಗಳಲ್ಲಿ ಅರ್ಧ ಖಾಲಿಯಾಗಿ ಮರಳುತ್ತಿತ್ತು. ಕ್ರಿಸ್‌ಮಸ್ ಬೆಳಗ್ಗೆ ಪೂರ್ತಿ ಖಾಲಿ.

ಇನ್ಸ್‌ಪೆಕ್ಟರು ಹೇಳಿದ ದಿನವೇ ಬಂದರು. ಮೈಸೂರು ಕಡೆಯವರು, ತುಂಬ ಮರ್ಯಾದೆಯ ಮನುಷ್ಯ. ಹೆಣ್ಣುಮಗಳ ಹೆಸರು ಕೇಳಿ ಹುಬ್ಬೇರಿಸಿದರು. ಹಸನಬ್ಬ ಮೊದಲೇ ಬಂದು ಹೊಸ ಹೆಂಚು ಒರಗಿಸಿದ್ದರು. ನಾನು ಎರಡೂ ನಳಿಗೆಗೆ ತೋಟೆ ತುಂಬಿದೆ. ಪಪ್ಪನ ಕುರ್ಚಿಯನ್ನು ಗುಡ್ಡದ ಬುಡಕ್ಕೆ ತಂದಿಟ್ಟಿದ್ದೆವು. ನಾನು ಕೋವಿಯನ್ನು ಎಡಕ್ಕೆ ತಂದಾಗ ಇನ್ಸ್‌ಪೆಕ್ಟರು, "ಲೆಫ್ಟ್ ಹ್ಯಾಂಡಾ?" ಎಂದು ಮೆಲ್ಲನೆ ಕೇಳಿದರು. "ಮನೆತನದ್ದು ಸಾರ್" ಎಂದರು ಹಸನಬ್ಬ, ಮುಖ ಗಂಭೀರವಾಗಿಟ್ಟು. ಹೊಡೆದೆ. ಹೆಂಚು ಪುಡಿಯಾಯಿತು. ಅವರು ನನ್ನ ಹೆಗಲನ್ನಲ್ಲ, ಕಾಲುಗಳನ್ನು ನೋಡುತ್ತಿದ್ದರು, ಕಾಲು ಅಲುಗಿರಲಿಲ್ಲ. "ವೆರಿ ಗುಡ್, ಮಿಸ್. ಹೆಸರು ಸೇರಿಸೋಣ" ಎಂದು ಪಪ್ಪನಿಗೆ ಕೈ ಮುಗಿದು, ಮಾಂಯ್ ಕುಸ್ವಾರಿನ ತಟ್ಟೆ ಇಟ್ಟಿದ್ದ ಜಗಲಿಗೆ ನಡೆದರು.

ನಾನು ಕೋವಿಯನ್ನು ಕೀಲಿನಲ್ಲಿ ಬಗ್ಗಿಸಿ ತೆರೆದು ಎರಡನೆಯ ತೋಟೆಯನ್ನು ತೆಗೆಯಲು ಹೋದೆ. ಪಪ್ಪನ ಊರುಗೋಲು ನನ್ನ ಮೊಣಕೈಯನ್ನು ತಡೆಯಿತು.

"ಅದು ನನಗೆ" ಎಂದರು.

ನಾನು ಮಾಂಯ್‌ಯನ್ನು ನೋಡಿದೆ. ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಅನ್ನಬೇಕಾದ ಎಲ್ಲ ಕಾರಣಗಳೂ ಇದ್ದವು. ಡಾಕ್ಟರರು ಹೇಳಿದ್ದು, ಬಿ.ಪಿ., ಜಗಲಿಯಲ್ಲಿ ಕೂತ ಪೊಲೀಸು. ಅವಳು ಕಾಫಿಯ ತಟ್ಟೆಯನ್ನು ಹಸನಬ್ಬನ ಕೈಗೆ ಕೊಟ್ಟು ಇಳಿದುಬಂದಳು. ಪಪ್ಪನ ಅಂಗಿಯ ಕಾಲರನ್ನು ಸರಿಮಾಡಿದಳು. ಕುರ್ಚಿಯ ಹಿಂದೆ ಹೋಗಿ, ಎರಡೂ ಕೈಯಿಂದ ಅದರ ಬೆನ್ನನ್ನು ಹಿಡಿದು, ತನ್ನ ಮೊಣಕಾಲನ್ನು ಅದಕ್ಕೆ ಒತ್ತಿ ನಿಂತಳು.

ಕೋವಿಯನ್ನು ಮತ್ತೆ ಮುಚ್ಚಿ ಅವರ ಎಡಗೈಗೆ ಕೊಟ್ಟೆ. ಮುಂದಿನ ಭಾರ ಹೊರಲು ಅವರಿಗೆ ಬಲಗೈ ಇರಲಿಲ್ಲ. ನಾನು ಅವರ ಬಲಕ್ಕೆ ಮೊಣಕಾಲೂರಿ ಕೂತು, ನಳಿಗೆಯ ಕೆಳಗೆ ಅವರ ಬಲಗೈ ಇರಬೇಕಾದಲ್ಲಿ ನನ್ನ ಕೈ ಇಟ್ಟೆ. ಅವರು ಸೊಂಟದಿಂದ ಮುಂದಕ್ಕೆ ಬಾಗಿದರು. ಕೋವಿ ಮೇಲೇರಿತು. ಮೊದಲು ಕೆನ್ನೆ, ಆಮೇಲೆ ಹೆಗಲು. ನಳಿಗೆಯ ಮೂಲಕ ಅವರ ಉಸಿರು ನನ್ನ ಅಂಗೈಗೆ ಬರುತ್ತಿತ್ತು. ಅವರು ಒಮ್ಮೆ ತಮ್ಮ ಕಡೆಗೆ ಗಟ್ಟಿಯಾಗಿ ಎಳೆದುಕೊಂಡರು. ಹತ್ತಿರ, ಎಂದು ತಮಗೇ ಹೇಳಿಕೊಂಡಂತೆ.

ಶಬ್ದ ಗುಡ್ಡಕ್ಕೆ ತಾಗಿ ಮರಳಿ ಬಂತು. ಗೇರುಮರಗಳಿಂದ ಹಕ್ಕಿಗಳೆದ್ದವು. ಗುರಿ ಇರಲಿಲ್ಲ, ಹೆಂಚು ಮೊದಲೇ ಒಡೆದಿತ್ತು. ಅವರು ಹೊಡೆದದ್ದು ಬರಿಯ ಕೆಂಪು ದರೆಗೆ. ಜಗಲಿಯಲ್ಲಿ ಇನ್ಸ್‌ಪೆಕ್ಟರು ಕಾಫಿಯ ಲೋಟದಿಂದ ತಲೆ ಎತ್ತಲೇ ಇಲ್ಲ. ತಿಂಡಿ ಬಹಳ ಚೆನ್ನಾಗಿದೆ ಎಂದು ಹಸನಬ್ಬನಿಗೆ ಹೇಳಿದರಂತೆ.

ಮುಂದಿನ ಕರೆಸ್ಮಾದಲ್ಲಿ, ಅಂದರೆ ಈಸ್ಟರಿನ ಮುಂಚಿನ ಉಪವಾಸದ ದಿನಗಳಲ್ಲಿ, ಪಪ್ಪನಿಗೆ ಎರಡನೆಯ ಸ್ಟ್ರೋಕ್ ಆಯಿತು. ಅದರಿಂದ ಅವರು ಏಳಲಿಲ್ಲ. ನಡುವೆ ಸಿಕ್ಕಿದ್ದು ಒಂದು ಚಳಿಗಾಲ. ಆ ಚಳಿಗಾಲದಲ್ಲಿ ಅವರು ಉಂಡರು, ಹಸನಬ್ಬನೊಡನೆ ಜಗಳವಾಡಿದರು, ಭಾನುವಾರ ಒಂದೇ ಕೈಯಲ್ಲಿ ಕೋವಿ ಒರೆಸಿದರು. ಅವರು ಹೋದ ಮೇಲೆ ಅದು ವರ್ಷಗಟ್ಟಲೆ ನನ್ನ ಹೆಸರಿನಲ್ಲಿ ಗೋಡೆಯಲ್ಲಿತ್ತು. ಆಮೇಲೆ ಮನೆಯೂ ಇಲ್ಲ, ಗುಡ್ಡವೂ ಇಲ್ಲ. ಕೋವಿಯನ್ನು ಲಾರೆನ್ಸ್ ಯಾರಿಗೋ ಕೊಟ್ಟ.

ಆದರೆ ಇನ್ಸ್‌ಪೆಕ್ಟರು ಬಂದುಹೋದ ಮರುದಿನದ ಬೆಳಗ್ಗೆ ನನಗೆ ಸ್ಪಷ್ಟ ನೆನಪಿದೆ. ಪಪ್ಪನಿಗೆ ಮೈ ಒರೆಸುವ ಹೊತ್ತು. ನಾನು ಬಿಸಿನೀರಿನ ಬೋಗುಣಿ ಹಿಡಿದು ನಿಂತಿದ್ದೆ. ಹಾಸಿಗೆಯ ಪಕ್ಕದಲ್ಲಿ ಅರಸಿನ ಅರೆದು ಇಟ್ಟಿತ್ತು. ಮಾಂಯ್ ಅಂಗಿಯ ಗುಂಡಿ ಬಿಚ್ಚಿ, ಎಡ ಹೆಗಲಿನಿಂದ ಬಟ್ಟೆ ಸರಿಸಿ, ಕಿಟಕಿಯ ಬೆಳಕಿಗೆ ಅವರನ್ನು ಸ್ವಲ್ಪ ತಿರುಗಿಸಿದಳು. ಆ ತಗ್ಗಿನಲ್ಲಿ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿ, ನೋವಾ ಎಂದು ಕೇಳಿದಳು. ಪಪ್ಪ ಇಲ್ಲವೆಂದು ತಲೆಯಾಡಿಸಿದರು. ಚರ್ಮದ ಮೇಲೆ ಏನೂ ಇರಲಿಲ್ಲ. ಕೆಂಪೂ ಇರಲಿಲ್ಲ.

"ಸರಿಯಾಗಿ ಹಿಡಿದಿದ್ದೀರಿ" ಎಂದಳು ಮಾಂಯ್.

ಅರಸಿನದ ಬಟ್ಟಲನ್ನು ಒಳಗೆ ಕೊಂಡುಹೋಗು ಎಂದು ನನಗೆ ಕಣ್ಣಲ್ಲೇ ಹೇಳಿದಳು. ಬಾಗಿಲಿಗೆ ಹೋಗಿ ತಿರುಗಿ ನೋಡಿದಾಗಲೂ ಅವಳ ಹೆಬ್ಬೆರಳು ಅಲ್ಲೇ ಇತ್ತು.